ಕಮಲಾಪುರದ ನೀರು

ಕಲಬುರಗಿಯೊಳಗ ಚಾಕು ಮಾಡಿಸಬೇಕಂದ್ರ ಎಲ್ಲಾರೂ ನನ್ನ ಕುಲುಮಿಗೇ ಬರ್ತಾರ ಅಂತ ತಿಳ್ಕೊಂಡಿದ್ದೆ. ಒಂದಿನ ನನ್ನ ಹಳೇ ಗಿರಾಕಿ, ಒಬ್ಬ ವಕೀಲ ಸಾಹೇಬ್ರು, ಶಿಕಾರಿ ಚಾಕೊಂದು ತಂದು ಮುಂದಿಟ್ರು. ಶಿಕಾರಿ ಬಂದ್ ಆಗಿ ಎಷ್ಟೋ ವರ್ಷ ಆಗಿತ್ತು, ಅವರ ಶೋಕಿ ಮಾತ್ರ ಹೋಗಿರಲಿಲ್ಲ.

"ಕಮಲಾಪುರದ ಉಸ್ತಾದನ ಕಡೆ ಮಾಡಿಸೀನಿ. ಇದಕ್ಕೊಂದು ಚರ್ಮದ ಒರಿ ಮಾಡಿಸಿಕೊಡ್ರಿ," ಅಂದ್ರು.

ಚಾಕು ಅವನ ಕಡೆ, ಒರಿ ನನ್ನ ಕಡೆ!

ಐಬು ಹುಡುಕಬೇಕಂತಲೇ ಕೈಗೆ ತಗೊಂಡೆ. ಕೊಂಬಿನ ಹಿಡಿಗೂ ಅಲಗಿಗೂ ನಡುವ ಕೂದಲೆಳಿ ಹೋಗೋವಷ್ಟೂ ಸಂದಿಲ್ಲ. ಮುಂಗೈ ಮ್ಯಾಲ ಎಳೆದ್ರ ರೋಮ ಸದ್ದಿಲ್ಲದ ಉದುರಿದ್ವು. ಹೊಟ್ಟಿ ಉರೀತು.

"ಪಾನಿ ಭಾರೀ ಅದ ನೋಡ್ರಿ," ಅಂದ್ರು ವಕೀಲರು. ಕಾಸಿದ ಅಲಗನ್ನ ನೀರಾಗ ಅದ್ದಿ ಹದ ಮಾಡೋದಕ್ಕ ನಮ್ಮ ಕಡೆ ಹಂಗಂತಾರ. ಹದ ಇರೋದು ಕೈಯಾಗ, ನೀರಾಗಲ್ಲ. ಅದು ಗೊತ್ತಿದ್ದೂ ಮರುದಿನ ಖಾಲಿ ಕ್ಯಾನ್ ಹಿಡಕೊಂಡು ಕಮಲಾಪುರದ ಬಸ್ ಹತ್ತಿದೆ.

ಉಸ್ತಾದಗ ನಾ ಯಾರಂತ ಹೇಳಲಿಲ್ಲ. "ದಾರಿಗೆ ಬೇಕು, ಒಂದೀಟು ನೀರು ತುಂಬಕೊಳ್ಲೇನ್ರಿ?" ಅಂದೆ.

ಅವ ನನ್ನ ಕೈಮ್ಯಾಲಿನ ಕಿಡಿ ಸುಟ್ಟ ಗುರುತು ನೋಡಿ ನಕ್ಕ. ತಾನೇ ಬಾವಿಯಿಂದ ಸೇದಿ ಕ್ಯಾನ್ ತುಂಬಿಸಿ, "ಬೇಕಾದಷ್ಟು ಒಯ್ರಿ ಭಾಯಿ. ನಿಮ್ಮ ಕುಲುಮಿ ಯಾವ ಓಣ್ಯಾಗ ಅದ?" ಅಂದ.

ಊರಿಗೆ ಬಂದು ಅದೇ ನೀರಾಗ ಅದ್ದಿದೆ. ನನ್ನ ಚಾಕು ನನ್ನ ಚಾಕಿನಂಗೇ ಬಂತು. ಉಳಿದ ನೀರಾಗ ಹೆಂಡತಿ ಚಹಾ ಮಾಡಿದಳು. ಒಂದು ಗುಟುಕು ಕುಡಿದು, "ಏನ ಅನ್ರಿ, ಆ ಉಸ್ತಾದನ ನೀರು ಭಾಳ ಛಲೋ ಅದ," ಅಂದಳು.