ಮೈಕಕ್ಕನ ಎದುರಾಳಿ

ಚುನಾವಣೆ ಬಂತೆಂದರೆ ತರಕಾರಿ ಮಾರುವ ಮೈಕಕ್ಕನ ಗಂಟಲಿಗೆ ಬಿಡುವಿಲ್ಲ. ಪ್ರಚಾರಕ್ಕೆ ಹೆಣ್ಣು ದನಿಯಿದ್ದರೆ ಹೆಂಗಸರ ಓಟು ತಾನಾಗಿ ಬಂದು ಬೀಳುತ್ತದೆ ಅಂತ ಯಾರೋ ಮಹಾನುಭಾವ ಎಲ್ಲ ಪಕ್ಷದವರ ತಲೆಗೂ ತುಂಬಿದ್ದ. ದನಿ ಮಾತ್ರ ಹೆಣ್ಣಿನದು, ಟಿಕೆಟ್ಟು ಗಂಡಸಿಗೇ. ಇತ್ತ ಮಾರುಕಟ್ಟೆಯಲ್ಲಿ ಹೆಂಗಸರಿಗೊಂದು ಶೌಚಾಲಯವಿಲ್ಲ. ಅಲ್ಲಿ ಕೂತು ಮಾರುವವರು ಬೆಳಗಿನಿಂದ ಸಂಜೆತನಕ ಗುಟುಕು ನೀರು ಕುಡಿಯುವಂತಿಲ್ಲ. ಎಂಥಾ ಕರ್ಮ ನೋಡಿ.

ಶೌಚಾಲಯ ಕೇಳಿ ಕೇಳಿ ಸಾಕಾಗಿ, ಮಾರುಕಟ್ಟೆ ಹೆಂಗಸರ ಸಂಘದವರು ಈ ಸಲ ಅವಳನ್ನೇ ನಿಲ್ಲಿಸಿದರು. “ನಿನ್ನ ದನಿ ಕೇಳದ ಮನೆ ಯಾವುದಿದೆ ಹೇಳು,” ಅಂದಳು ಸಂಘದ ಹೂವಿನಜ್ಜಿ.

ಅದೇ ಎಡವಟ್ಟಾಯಿತು. ಎದುರಾಳಿ ಜವಳಿ ಸಾಹುಕಾರ ಹೋದ ಸಲ ಅವಳಿಂದಲೇ ಮಾಡಿಸಿದ್ದ ರೆಕಾರ್ಡಿಂಗನ್ನು ಮತ್ತೆ ಊರೆಲ್ಲ ಹಾಕಿಸಿದ: “ಅಕ್ಕತಂಗಿಯರೇ, ಮನೆಮಗ ಸಾಹುಕಾರರನ್ನೇ ಗೆಲ್ಲಿಸಿ!” ಆ ಪ್ರಚಾರದ ಆಟೋ ಓಡಿಸುತ್ತಿದ್ದವನು ಅವಳ ಗಂಡನೇ.

“ಏನ್ರೀ, ಹೆಂಡತಿ ಮಾನ ಹೀಗಾ ತೆಗೆಯೋದು?”

“ಆಟೋ ಮುಂಚೇನೇ ಗೊತ್ತು ಮಾಡ್ಕೊಂಡಿದ್ರು ಕಣೇ. ನಾನು ಓಡಿಸ್ತಿದೀನಿ ಅಷ್ಟೇ, ಕೂಗ್ತಿರೋದು ನೀನು.”

ಓಟು ಕೇಳಲು ಹೋದ ಕಡೆಯೆಲ್ಲ ಒಂದೇ ಮಾತು. “ಬೆಳಿಗ್ಗೆ ಅವರಿಗೆ ಹಾಕಿ ಅಂದೆ, ಈಗ ನಿಂಗೆ ಹಾಕು ಅಂತೀಯ. ಒಂದು ಮಾತಲ್ಲಿ ನಿಲ್ಲಮ್ಮ.” ಮೈಕಕ್ಕನಿಗೆ ಅಳುವೇ ಬಂತು. ತನ್ನ ಗಂಟಲನ್ನು ತಾನೇ ಹಿಸುಕಿಬಿಡಬೇಕು ಅನಿಸಿತು.

ಮರುದಿನ ಆಟೋ ಮಾರುಕಟ್ಟೆಗೇ ಬಂದು ನಿಂತಿತು. “ಗೆದ್ದರೆ ಸಾಹುಕಾರರು ಇಲ್ಲಿ ಹೆಂಗಸರಿಗೆ ಶೌಚಾಲಯ ಕಟ್ಟಿಸಿಯೇ ತೀರುತ್ತಾರೆ!” ಅಂದಿತು ಮೈಕು.

ಬದನೆಕಾಯಿ ಬುಟ್ಟಿ ಪಕ್ಕಕ್ಕೆ ತಳ್ಳಿ ಮೈಕಕ್ಕ ಎದ್ದಳು. “ಹೋದ ಸಲ ಗೆದ್ರು. ಕಟ್ಸಿದ್ರಾ?”

“ಇಲ್ಲ,” ಅಂದರು ಹೆಂಗಸರೆಲ್ಲ.

“ಸಾಹುಕಾರರು ಕೊಟ್ಟ ಮಾತಿಗೆ ತಪ್ಪುವವರಲ್ಲ!” ಅಂದಿತು ಮೈಕು. ಹೆಂಗಸರು ಬಿದ್ದು ಬಿದ್ದು ನಕ್ಕರು.

ಸಾಹುಕಾರ ಮಾರುಕಟ್ಟೆಯಲ್ಲೇ ಇದ್ದ ತನ್ನ ಅಂಗಡಿಯಿಂದ ಎದ್ದೂ ಬಿದ್ದೂ ಓಡಿಬಂದ. “ನಿಲ್ಸಯ್ಯ ಅದನ್ನ.”

ಮೈಕಕ್ಕನ ಗಂಡ ಗುಂಡಿ ಒತ್ತಿದಂತೆ ಮಾಡಿದ. “ಸಿಕ್ಕಾಕ್ಕೊಂಡಿದೆ ಸಾಹುಕಾರ್ರೇ,” ಅಂದ. ಮೈಕು ಮೊದಲಿನಿಂದ ಮತ್ತೆ ಶುರುವಾಯಿತು. ಅವನು ಹೆಂಡತಿಯ ಮುಖ ಮಾತ್ರ ನೋಡಲಿಲ್ಲ.

ಆಗ ಜವಳಿ ಅಂಗಡಿಯ ಗಲ್ಲಾದಲ್ಲಿ ಕೂತಿದ್ದ ಸಾಹುಕಾರನ ಹೆಂಡತಿ ಬಾಗಿಲಿಗೆ ಬಂದಳು. “ನಾನೂ ಬೆಳಿಗ್ಗೆಯಿಂದ ನೀರು ಕುಡಿದಿಲ್ಲ ಕಣ್ರೀ,” ಅಂದಳು.

ಮೈಕಕ್ಕ ಗೆದ್ದಳು. ಶೌಚಾಲಯವೂ ಎದ್ದಿತು. ಉದ್ಘಾಟನೆಯ ದಿನ ಭಾಷಣ ಮಾಡೆಂದು ಮೈಕು ಕೈಗಿತ್ತರೆ, ಅವಳು ಅದನ್ನು ಗಂಡನಿಗೆ ದಾಟಿಸಿ ಹೂವಿನಜ್ಜಿಯ ಚೊಂಬು ಎತ್ತಿಕೊಂಡಳು. ಮಟಮಟ ಮಧ್ಯಾಹ್ನ, ಮಾರುಕಟ್ಟೆಯ ನಟ್ಟನಡುವೆ ನಿಂತು, ಗಟಗಟನೆ ಪೂರ್ತಿ ಚೊಂಬು ನೀರು ಕುಡಿದಳು.