ಕಿವಿಗೆ ಬೀಳದ ಮಷೀನು

ತಿರ್ಲಾಪುರದ ನಮ್ಮ ಮನೆಯ ಬಚ್ಚಲಲ್ಲಿ ಆ ದಿನಗಳಲ್ಲಿ ಸದಾ ಹರಳೆಣ್ಣೆಯ ವಾಸನೆ. ತಂಗಿ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಅವ್ವ ದಿನಾ ಬೆಳಿಗ್ಗೆ ಹಂಡೆಗೆ ಉರಿ ಹಚ್ಚಿ, ಮಣೆಯ ಮೇಲೆ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವಳು, ಕಡಲೆಹಿಟ್ಟು ಹಚ್ಚುವಳು, ಬಿಸಿನೀರು ಸುರಿಯುವಳು. ಬೆಳಕಿಂಡಿಯ ಬಿಸಿಲು ಆ ಹಬೆಯಲ್ಲಿ ಹಾಲಿನ ಹಾಗೆ ಕಾಣುತ್ತಿತ್ತು. ನಾನು ಬಾಗಿಲಲ್ಲಿ ನಿಂತೇ ತೂಕಡಿಸುತ್ತಿದ್ದೆ.

ಹಿಂದೆಲ್ಲ ಬಚ್ಚಲ ನೀರು ತೆರೆದ ಮೋರಿಯಲ್ಲಿ ಹಿತ್ತಲ ಬಾಳೆಗೆ ಹೋಗುತ್ತಿತ್ತು. ಟೈಲ್ಸ್ ಹಾಕಿಸಿದ ಮೇಲೆ ಪೈಪು ಬಂತು. ಎಣ್ಣೆ, ಹಿಟ್ಟು ಎಲ್ಲ ಅದರಲ್ಲಿ ಕೂತು ಗಟ್ಟಿಯಾಗಿ, ನೀರು ಪಾದ ಮುಳುಗುವಷ್ಟು ನಿಲ್ಲತೊಡಗಿತು. ಎಣ್ಣೆ ಸ್ವಲ್ಪ ಕಡಿಮೆ ಮಾಡು ಎಂದರೆ ಅವ್ವ ನನ್ನ ಮೇಲೇ ಏರಿ ಬರುವಳು.

"ಕೂಸಿನ ಎಲುಬು ಹೆಚ್ಚೋ, ನಿನ್ನ ಪೈಪ್ ಹೆಚ್ಚೋ ಬೇ?"

ಆದರೆ ಮನೆಯಲ್ಲಿ ಅದಕ್ಕಿಂತ ದೊಡ್ಡ ಚಿಂತೆಯೊಂದಿತ್ತು. ಕೂಸು ಯಾವ ಸಪ್ಪಳಕ್ಕೂ ಬೆಚ್ಚುತ್ತಿರಲಿಲ್ಲ. ಕಿವಿ ಇನ್ನೊಮ್ಮೆ ತೋರಿಸಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. "ನಮ್ಮ ಮನಿತನದಾಗ ಎಲ್ಲಾದೂ ತಡಾನ" ಎಂದು ಅವ್ವ ತಳ್ಳಿಹಾಕಿದ್ದಳು. ಹಾಗೆ ಅಂದವಳೇ ಕೂಸಿನ ಬೆನ್ನ ಹಿಂದೆ ಬೇಕಂತಲೇ ತಾಟು ಬೀಳಿಸುತ್ತಿದ್ದಳು. ತಂಗಿ ನೋಡಿಯೂ ನೋಡದಂತಿರುತ್ತಿದ್ದಳು. ಇಬ್ಬರ ಮೇಲೂ ನನಗೆ ಸಿಟ್ಟು. ಆದರೆ ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು?

ಬಚ್ಚಲ ರಿಪೇರಿಗೆ ಹುಬ್ಬಳ್ಳಿಯಿಂದ ಒಬ್ಬರು ಬಂದರು. ಅಗೆಯುವುದಿಲ್ಲ, ಆಸಿಡ್ ಸುರಿಯುವುದಿಲ್ಲ, ಶಬ್ದದ ಅಲೆಯಿಂದ ನೀರನ್ನೇ ನಡುಗಿಸಿ ಜಿಡ್ಡು ಬಿಡಿಸುವ ಅಲ್ಟ್ರಾಸೋನಿಕ್ ಮಷೀನು ಎಂದರು. ಸಲಾಕೆಯಂಥದ್ದನ್ನು ಪೈಪಿನೊಳಗೆ ಇಳಿಸಿ, ಬಟನ್ ಒತ್ತಿ, ಕೈಕಟ್ಟಿ ಕುಳಿತರು. ನಮ್ಮೂರಲ್ಲಿ ಬೋರ್‌ವೆಲ್ ಆಗಲಿ ಗಿರಣಿಯಾಗಲಿ, ಗದ್ದಲ ಎಬ್ಬಿಸಿದರೇ ಅದು ಕೆಲಸ. ಅವ್ವ ಸ್ವಲ್ಪ ಹೊತ್ತು ಕಾದು ನೋಡಿದಳು.

"ಚಾಲೂ ಮಾಡ್ರಿ ತಮ್ಮಾ, ಎಷ್ಟೊತ್ತಂತ ಸುಮ್ನ ಕುಂದರ್ತೀರಿ?"

"ಚಾಲೂ ಐತ್ರಿ ಅವ್ವಾರ. ಅದರ ದನಿ ನಮಗ ಕೇಳಸೂದಿಲ್ರಿ. ಹಿಡಿಕಿ ಮುಟ್ಟಿ ನೋಡ್ರಿ."

ಅವ್ವ ಮುಟ್ಟಿದಳು. ಮುಟ್ಟಿದ ಕೈ ತೆಗೆಯಲಿಲ್ಲ. "ಅಯ್ಯ, ಜುಮು ಜುಮು ಅನ್ನಾಕತ್ತೈತಿ ಒಳಗ!"

ನಿಂತ ನೀರಿನ ಮೇಲೆ ಸಣ್ಣ ಸುಕ್ಕುಗಳೆದ್ದವು. ಗೋಡೆಯ ಮೇಲಿನ ಬಿಸಿಲೂ ಅಲುಗಿತು. ಇಡೀ ಮನೆ ಕೆರೆಯ ತಳದಲ್ಲಿ ಕುಳಿತ ಹಾಗೆ ಅನ್ನಿಸಿತು ನನಗೆ. ತಂಗಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ನಿಂತಳು.

"ಇದು ಯಾರಿಗೂ ಕೇಳಸೂದಿಲ್ರೀ ಅಣ್ಣಾರ?"

"ಯಾರಿಗೂ ಇಲ್ರಿ."

ತಂಗಿಯ ಮುಖ ಎಷ್ಟೋ ದಿನಗಳ ಮೇಲೆ ಹಗುರಾಯಿತು. ಅಷ್ಟು ಹೊತ್ತು ಆ ಬಚ್ಚಲಲ್ಲಿ ಕೂಸೂ ನಾವೂ ಒಂದೇ ಆಗಿದ್ದೆವು.

ಅಷ್ಟರಲ್ಲಿ ಪೈಪು ದೊಡ್ಡದಾಗಿ ತೇಗಿತು. ಗೊಳಕ್ಕೆಂದು ನೀರನ್ನು ಒಳಕ್ಕೆ ಎಳೆದುಕೊಂಡಿತು. ಅವ್ವ ಹೌಹಾರಿದಳು, ನಾನು "ಯವ್ವಾ" ಎಂದೆ, ಆ ಮನುಷ್ಯ ಕೂಡ ಬೆಚ್ಚಿ ನಕ್ಕರು. ಕೂಸು ತಾಯಿಯ ಹೆಗಲಿನಿಂದ ಗೋಡೆಯ ಬೆಳಕನ್ನು ನೋಡುತ್ತಿತ್ತು. ರೆಪ್ಪೆಯನ್ನೂ ಬಡಿಯಲಿಲ್ಲ.

ತಂಗಿ ಕೂಸನ್ನು ಹೆಗಲಿನಿಂದ ಇಳಿಸಿ ಅದರ ಮುಖ ನೋಡಿದಳು.

"ಅವ್ವಾ, ಇದಕ್ಕ ಕೇಳಸೂದಿಲ್ಲ" ಎಂದಳು ತಂಗಿ. "ನಾಳಿ ದವಾಖಾನಿಗೆ ಹೋಗೂಣು."

ಹುಬ್ಬಳ್ಳಿಯವರು ಹೋದ ಮೇಲೆ ಅವ್ವ ಮಣೆ ಹಾಕಿ ಕುಳಿತು ಕೂಸಿಗಾಗಿ ಕೈ ಚಾಚಿದಳು. ಎರೆಯುವಾಗ ಅದರ ಜೊತೆ ಬಾಯಿ ಬಿಡುವಿಲ್ಲದೆ ಹರಟುವವಳು, ಅಂದು ಬಾಯಿ ತೆರೆದು ಹಾಗೇ ತಡೆದುಬಿಟ್ಟಳು. ಇನ್ನು ಇವಳು ಕೂಸಿನೊಡನೆ ಮಾತಾಡುವುದೇ ಇಲ್ಲವೇನೋ ಎಂದುಕೊಂಡೆ ನಾನು.

ಅವ್ವ ಕೂಸಿನ ಎಣ್ಣೆಗೈಯನ್ನು ಮೆಲ್ಲಗೆ ಎತ್ತಿ ತನ್ನ ಗಂಟಲಿಗೆ ಒತ್ತಿಕೊಂಡಳು. "ಯಾರ ಬಂದ್ರವ್ವಾ, ಯಾರ ಬಂದ್ರು? ನಮ್ಮ ರಾಜಾ ಬಂದ್ರು..."

ಗಂಟಲ ಜುಮುಜುಮು ಅಂಗೈಗೆ ತಾಗಿತೇನೋ, ಕೂಸು ಕಣ್ಣರಳಿಸಿ ಅವಳ ಬಾಯನ್ನೇ ನೋಡಿತು. ತಂಗಿ ಬಾಗಿಲಿಗೆ ಒರಗಿ ಬಿಕ್ಕಿದಳು, ನನಗೂ ಅಳು ತಡೆಯಲಾಗಲಿಲ್ಲ. ಅವ್ವ ಮಾತ್ರ ಮಾತು ನಿಲ್ಲಿಸಲಿಲ್ಲ.