ಓರಗಿತ್ತಿಯ ನಾಮಪತ್ರ

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ: ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ಅವಳು ಹಿರಿ ಸೊಸೆ, ಓದು ಬರಹ ಬಾರದವಳು. ನಾನು ಚಿಂತಾಮಣಿ ಪೇಟೆಯಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಶಿಡ್ಲಘಟ್ಟದ ಹತ್ತಿರದ ಆ ಹಳ್ಳಿಗೆ ಕಿರಿ ಸೊಸೆಯಾಗಿ ಬಂದವಳು. ಅರ್ಜಿ ಬರೆಸಬೇಕಾದರೆ ಊರಿನವರು ನನ್ನ ಬಳಿ ಬರುತ್ತಿದ್ದರು. ಮಗುವಿಗೆ ಜ್ವರ ಬಂದರೆ, ರೇಷ್ಮೆ ಹುಳಕ್ಕೆ ರೋಗ ತಗುಲಿದರೆ, ಗಂಡ ಹೊಡೆದರೆ ಅವಳನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ನನಗೆ ಅದನ್ನು ಸಹಿಸಲಾಗುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂದು, ನಮ್ಮ ಕಡೆಯ ಸೀಟು ಹೆಂಗಸರಿಗೆ ಮೀಸಲಾಯಿತು. ನಿಮ್ಮ ಮನೆಯಿಂದಲೇ ಒಬ್ಬರು ನಿಲ್ಲಲಿ ಎಂದು ಬೀದಿಯ ಹಿರಿಯರು ಬಂದು ಕೂತರು. ನಾನು ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದೆ. ನಾನಲ್ಲದೆ ಇನ್ಯಾರು?

ಭಾವ, ಎಂದರೆ ಓರಗಿತ್ತಿಯ ಗಂಡ, ಮತದಾರರ ಪಟ್ಟಿಯ ಮೇಲೆ ಎರಡು ಸಲ ಬೆರಳಾಡಿಸಿದರು.

"ನಿನ್ ಹೆಸ್ರೇ ಇಲ್ವಲ್ಲಮ್ಮ ಇದ್ರಲ್ಲಿ."

ಇರುವುದಾದರೂ ಹೇಗೆ? ಮದುವೆಯಾಗಿ ಏಳು ವರ್ಷವಾದರೂ ನನ್ನ ಹೆಸರು ತವರಿನ ಪಟ್ಟಿಯಲ್ಲೇ ಇತ್ತು. ಓಟು ಬಂದಾಗಲೆಲ್ಲ ಒಳ್ಳೆಯ ಸೀರೆ ಉಟ್ಟು ಚಿಂತಾಮಣಿ ಬಸ್ಸು ಹತ್ತುವುದು ನನ್ನ ಜಂಭ. ಹೆಸರು ಬರೆದುಕೊಳ್ಳಲು ಬಂದ ಮೇಷ್ಟ್ರಿಗೆ "ನಂದು ಅಲ್ಲೇ ಇರ್ಲಿ ಬಿಡಿ ಸಾರ್" ಎಂದಿದ್ದವಳೂ ನಾನೇ. ಭಾವ ನಿಯಮ ಹೇಳಿದರು: ಇಪ್ಪತ್ತೊಂದು ವರ್ಷ ತುಂಬಿರಬೇಕು, ಇದೇ ಪಂಚಾಯಿತಿಯ ಪಟ್ಟಿಯಲ್ಲಿ ಹೆಸರಿರಬೇಕು. ಓದಿರಬೇಕೆಂದು ಎಲ್ಲೂ ಇರಲಿಲ್ಲ. ಹೊಸದಾಗಿ ಹೆಸರು ಸೇರಿಸುವ ಗಡುವೂ ಮುಗಿದುಹೋಗಿತ್ತು.

"ಹಂಗಾದ್ರೆ ದೊಡ್ಡೋಳೇ ನಿಂತ್ಕೊಳ್ಳಿ ಬಿಡಪ್ಪ" ಎಂದರು ಅತ್ತೆ.

ರೇಷ್ಮೆ ಹುಳದ ಮನೆಯಲ್ಲಿ ಸೊಪ್ಪು ಹೆಚ್ಚುತ್ತಿದ್ದ ಓರಗಿತ್ತಿ ಕೈ ಒರೆಸಿಕೊಂಡು ಬಂದಳು. "ನಂಗೇನ್ ತಿಳೀತದೆ? ಇವ್ಳು ಪಕ್ಕದಲ್ಲಿದ್ರೆ ನಿಂತ್ಕೊತೀನಿ" ಎಂದು ನನ್ನ ಕಡೆ ಕೈ ತೋರಿಸಿದಳು. ಉಟ್ಟ ಸೀರೆ ಅಲ್ಲೇ ಬಿಚ್ಚಿ ಎಸೆಯುವಷ್ಟು ಸಿಟ್ಟು ಬಂತು ನನಗೆ.

ನಾಮಪತ್ರ ತುಂಬಲಂತೂ ನಾನೇ ಬೇಕಾಯಿತು. ಜಗಲಿಯ ಮೇಲೆ ಕೂತು ದುಂಡಗೆ ಬರೆದೆ. ಹೆಸರು, ವಯಸ್ಸು, ಗಂಡನ ಹೆಸರು ಎಲ್ಲ ಸರಿಯಾಗಿಯೇ ಬರೆದೆ. ಪಟ್ಟಿಯ ಕ್ರಮಸಂಖ್ಯೆ ಬರೆಯುವ ಜಾಗಕ್ಕೆ ಬಂದಾಗ ಕೈ ನಿಂತಿತು. ಅವಳದು ಇನ್ನೂರ ಹದಿನೆಂಟು. ನಾನು ಇನ್ನೂರ ಎಂಬತ್ತೊಂದು ಎಂದು ಬರೆದೆ, ಬೇಕೆಂದೇ. ಪಕ್ಕದೂರಿನಲ್ಲಿ ಯಾರದೋ ನಾಮಪತ್ರ ತಿರಸ್ಕೃತವಾಯಿತೆಂದು ಕೇಳಿದ್ದೆ. ಇವಳದೂ ಆಗಲಿ, ನನಗಿಲ್ಲದ್ದು ಇವಳಿಗೂ ಬೇಡ ಎನಿಸಿತು.

"ಎಷ್ಟ್ ಚೆನ್ನಾಗ್ ಬರೀತೀಯ ಕಣೇ" ಎಂದಳು ಪಕ್ಕದಲ್ಲಿ ಕೂತವಳು. ಅದಕ್ಕೂ ಮೈಯುರಿಯಿತು.

ಓದು ಬಾರದವರು ಅಧಿಕಾರಿಯ ಎದುರೇ ಹೆಬ್ಬೆಟ್ಟು ಒತ್ತಬೇಕಿತ್ತು. ಮರುದಿನ ಅವಳನ್ನು ಕರೆದುಕೊಂಡು ಪಂಚಾಯಿತಿ ಕಚೇರಿಗೆ ಹೋದೆ. ಅಧಿಕಾರಿ ನಾಮಪತ್ರವನ್ನೂ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ ಹುಬ್ಬು ಗಂಟಿಕ್ಕಿದರು.

"ಇದು ಯಾರೋ ಗಂಡಸಿನ ನಂಬರಮ್ಮ. ಯಾರು ಬರೆದಿದ್ದು?"

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಓರಗಿತ್ತಿ ಮುಂದೆ ಬಂದು ಮೇಜಿಗೆ ಕೈಯೂರಿದಳು. "ನಮ್ ಚಿಕ್ಕೋಳು ಸಾರ್. ಎಸ್ಸೆಸ್ಸೆಲ್ಸಿ ಓದವ್ಳೆ. ಅವ್ಳು ತಪ್ಪು ಬರಿಯೋಳಲ್ಲ. ನಿಮ್ ಲಿಸ್ಟೇ ತಪ್ಪಿರ್ಬೇಕು, ಸರ್ಯಾಗ್ ನೋಡಿ."

ಹಿಂದೆ ನಿಂತವರು ನಕ್ಕರು. ಅವಳು ಕದಲಲಿಲ್ಲ. ಅಧಿಕಾರಿ ಪುಟ ತಿರುವಿ, ಇನ್ನೂರ ಹದಿನೆಂಟರಲ್ಲಿ ಅವಳ ಹೆಸರು ಹುಡುಕಿದರು. "ಇಷ್ಟಕ್ಕೆಲ್ಲ ತಿರಸ್ಕಾರ ಮಾಡೋ ಹಾಗಿಲ್ಲ, ತಿದ್ದಿಸ್ಕೋಬೇಕು ಅಂತ ರೂಲ್ಸಲ್ಲೇ ಇದೆ. ತಿದ್ದಿ ಕೊಡಮ್ಮ" ಎಂದು ಕಾಗದವನ್ನು ನನ್ನ ಕಡೆ ತಳ್ಳಿದರು. ಬರೆದ ಕೈಯಿಂದಲೇ ತಿದ್ದಿದೆ. ಅವಳು ಅದರ ಪಕ್ಕ ಹೆಬ್ಬೆಟ್ಟು ಒತ್ತಿದಳು.

ಹೊರಗೆ ಬಂದ ಮೇಲೂ ತಪ್ಪು ನನ್ನದೆಂದು ಅವಳಿಗೆ ನಂಬಿಕೆಯಿಲ್ಲ. "ಆವಯ್ಯಂಗೆ ಕಣ್ಣು ಸರ್ಯಾಗ್ ಕಾಣ್ಸಲ್ಲ ಅನ್ಸತ್ತೆ. ನೀನ್ ಬೇಜಾರ್ ಮಾಡ್ಕೋಬೇಡ ಕಣೇ" ಎಂದಳು.

ಅವಳು ಗೆದ್ದಳು. ಆ ಸೀಟಿನ ಹೊಟ್ಟೆಕಿಚ್ಚು ಒಂದೆರಡು ವರ್ಷದಲ್ಲಿ ಆರಿತು. ಮೇಜಿಗೆ ಕೈಯೂರಿ ಅವಳಾಡಿದ ಮಾತಿನದು ಇನ್ನೂ ಆರಿಲ್ಲ. ಅವಳ ಜಾಗದಲ್ಲಿ ನಾನು ನಿಂತಿದ್ದರೆ, ತಪ್ಪು ಸಿಕ್ಕಿದ ಕೂಡಲೇ ತಿರುಗಿ ಅನುಮಾನದಿಂದ ಅವಳ ಮುಖವನ್ನೇ ನೋಡುತ್ತಿದ್ದೆ.